ವೃತ್ತದ ಅಳತೆಯಲ್ಲಿ ಸತ್ಯ

(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಮೆಟ್ರಿಕ್‌ವರೆಗೆ ಓದಿ, ಮೂವತ್ತು ವರ್ಷಗಳಿಂದ ಪಾತ್ರೆಯ ವ್ಯಾಪಾರದಲ್ಲಿರುವವನು. ಆದುದರಿಂದ ತತ್ತ್ವವಿಚಾರಕ್ಕೆ ಕೈಹಾಕದೆ, ನನ್ನಿಂದಾದ ಒಂದು ತಪ್ಪನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಜೀರ್ಣೋದ್ಧಾರದ ಲೆಕ್ಕವನ್ನು ಎಲ್ಲರೂ ಕಾಣಲೆಂದು ಚಪ್ಪರದಲ್ಲಿ ಒಂದು ಪಟವನ್ನು ತೂಗಹಾಕಿದ್ದೆವು. ಅದನ್ನು ಬರೆದವನು ನಾನೇ. ಮನೆಮನೆಯ ಕಾಣಿಕೆ 25,000 ರೂಪಾಯಿ. ದೊಡ್ಡ ದೇಣಿಗೆಗಳು 1,00,000 ರೂಪಾಯಿ. ಮೊದಲಿನದಕ್ಕೆ 3 ಅಂಗುಲ ವ್ಯಾಸದ ವೃತ್ತವನ್ನೂ, ಎರಡನೆಯದು ಅದರ ನಾಲ್ಮಡಿಯೆಂದು 12 ಅಂಗುಲ ವ್ಯಾಸದ ವೃತ್ತವನ್ನೂ ಎಳೆದೆ. ವೃದ್ಧ ಶ್ರಾವಿಕೆಯೊಬ್ಬರು ಬಹಳ ಹೊತ್ತು ನೋಡಿ, “ನಾವೆಲ್ಲ ಸೇರಿ ಕೊಟ್ಟದ್ದು ಇಷ್ಟೇ ಏನಪ್ಪಾ?” ಎಂದರು.

ಆ ಮಾತು ನನ್ನನ್ನು ಎಚ್ಚರಿಸಿತು. ಒಂದೇ ದಪ್ಪದ ತಗಡಿನಲ್ಲಿ ಕತ್ತರಿಸಿದ 6 ಅಂಗುಲದ ಬಿಲ್ಲೆಗಿಂತ 12 ಅಂಗುಲದ ಬಿಲ್ಲೆ ಇಮ್ಮಡಿಯಲ್ಲ, ನಾಲ್ಮಡಿ ತೂಗುತ್ತದೆ. ತಕ್ಕಡಿಯ ಮುಂದೆ ಬಲ್ಲ ಈ ಸಂಗತಿಯನ್ನು ಕೈವಾರ ಹಿಡಿದಾಗ ಮರೆತಿದ್ದೆ. ಕಣ್ಣು ಕಾಣುವುದು ವ್ಯಾಸವನ್ನಲ್ಲ, ಕ್ಷೇತ್ರವನ್ನು. ವ್ಯಾಸ ನಾಲ್ಮಡಿಯಾದರೆ ಕ್ಷೇತ್ರ ಹದಿನಾರು ಮಡಿ. ಹೀಗೆ ಬಡವರ ಕಾಣಿಕೆಯನ್ನು ನಾನು ಹದಿನಾರರಲ್ಲೊಂದಾಗಿ ತೋರಿಸಿದ್ದೆ.

ಈ ಗಣಿತ ನಮಗೆ ಹೊಸದಲ್ಲ. ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪವನ್ನು ಎರಡು ಲಕ್ಷ ಯೋಜನ ಅಗಲದ ಲವಣಸಮುದ್ರ ಸುತ್ತುವರಿದಿದೆಯೆಂದು ಕರಣಾನುಯೋಗ ಹೇಳುತ್ತದೆ. ಎರಡೂ ಬದಿ ಸೇರಿ ಒಟ್ಟು ವ್ಯಾಸ ಐದು ಲಕ್ಷ. ಐದರ ವರ್ಗ 25. ಅದರಲ್ಲಿ ದ್ವೀಪದ ಒಂದನ್ನು ಕಳೆದರೆ ಸಮುದ್ರವು ಜಂಬೂದ್ವೀಪದಂತಹ 24 ಖಂಡಗಳಷ್ಟಾಗುತ್ತದೆ.

9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ವೃತ್ತದ ಲೆಕ್ಕವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆಯಾಗಿ ವಿವರಿಸಿದರು. ಪರಿಧಿಯನ್ನು ಪಡೆಯಲು ವ್ಯಾಸವನ್ನು 3ರಿಂದ ಗುಣಿಸಿದರೂ ಸರಿ, 10ರ ವರ್ಗಮೂಲದಿಂದ ಗುಣಿಸಿದರೂ ಸರಿ, ಇಂದಿನ 3.1416ರಿಂದ ಗುಣಿಸಿದರೂ ಸರಿ. ಎರಡು ವೃತ್ತಗಳ ಕ್ಷೇತ್ರಗಳ ಅನುಪಾತ ಮಾತ್ರ ಬದಲಾಗದು.

ಆದುದರಿಂದ ಮೊತ್ತ ಎಷ್ಟು ಮಡಿಯೋ ಅದರ ವರ್ಗಮೂಲದಷ್ಟು ಮಡಿ ವ್ಯಾಸವನ್ನು ಹಿಗ್ಗಿಸಬೇಕು. ನಾಲ್ಮಡಿಗೆ 3 ಅಂಗುಲ 6 ಆಗಬೇಕು. ಇಮ್ಮಡಿಗೆ ಸುಮಾರು 4¼. ಮುಮ್ಮಡಿಗೆ ಸುಮಾರು 5¼. ಲೆಕ್ಕ ಬೇಡವೆನ್ನುವವರು ಚಿಕ್ಕ ವೃತ್ತದ ವ್ಯಾಸವನ್ನೇ ಬಾಹುವಾಗಿಸಿ ಒಂದು ಚೌಕವನ್ನೆಳೆಯಲಿ. ಆ ಚೌಕದ ಕರ್ಣವೇ ಇಮ್ಮಡಿ ಕ್ಷೇತ್ರದ ವೃತ್ತಕ್ಕೆ ವ್ಯಾಸ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ವೂ ಒಂದು, ಕೊಡುವುದಕ್ಕೊಂದು ಅಳತೆ, ಕೊಳ್ಳುವುದಕ್ಕೊಂದು ಅಳತೆ ಇಡುವುದು. ಅದು ಅಂಗಡಿಯ ಕೊಳಗ-ಕಲ್ಲುಗಳಿಗೆ ಮಾತ್ರ ಸಂಬಂಧಿಸಿದ್ದೆಂದು ನಾನು ತಿಳಿದಿದ್ದೆ. ಅಂಕಿಗಳು ಸರಿಯಿದ್ದೂ ಚಿತ್ರ ಸುಳ್ಳಾಡಬಲ್ಲದೆಂದು ಆ ತಾಯಿ ಕಲಿಸಿದರು.

ಅಂದು ರಾತ್ರಿಯೇ ಪಟವನ್ನು ಹೊಸದಾಗಿ ಬರೆದೆ. ಮರುದಿನ ಅವರು 3 ಅಂಗುಲದ ವೃತ್ತದ ಪಕ್ಕದಲ್ಲಿ 6 ಅಂಗುಲದ್ದನ್ನು ಕಂಡು, “ಈಗ ಸರಿ” ಎಂದಷ್ಟೇ ನುಡಿದು ದರ್ಶನಕ್ಕೆ ನಡೆದರು.

ಜಯ ಜಿನೇಂದ್ರ.