ಹೋಗನ್ ಅವರ ಒಂದನೇ ಐರನ್

ಗಾಲ್ಫ್ ಲೋಕದ ಅತಿ ಪ್ರಸಿದ್ಧ ಛಾಯಾಚಿತ್ರ ಯಾವುದೆಂದು ಕೇಳಿದರೆ ಬಹಳ ಮಂದಿ ಹೇಳುವುದು ಬೆನ್ ಹೋಗನ್ ಅವರದು. 1950ರ ಅಮೆರಿಕ ಓಪನ್, ಮೆರಿಯನ್ ಮೈದಾನ, ಕೊನೆಯ ಕುಳಿ. ಚಿತ್ರ ತೆಗೆದವರು ಹೈ ಪೆಸ್ಕಿನ್. ಹೋಗನ್ ಕೈಯಲ್ಲಿದ್ದದ್ದು ಒಂದನೇ ನಂಬರಿನ ಐರನ್ ಕ್ಲಬ್, ಪಳಗಿದವರೂ ಹೆದರುವಂಥದ್ದು.

ಅದಕ್ಕೆ ಹದಿನಾರು ತಿಂಗಳ ಹಿಂದೆ, 1949ರ ಫೆಬ್ರವರಿಯಲ್ಲಿ, ಟೆಕ್ಸಾಸ್‌ನ ಹೆದ್ದಾರಿಯಲ್ಲಿ ಅವರ ಕಾರಿಗೆ ಬಸ್ಸೊಂದು ಮುಖಾಮುಖಿ ಡಿಕ್ಕಿ ಹೊಡೆದಿತ್ತು. ಪತ್ನಿಯನ್ನು ಉಳಿಸಲು ಅವರು ಆಕೆಗೆ ಅಡ್ಡಲಾಗಿ ಬಿದ್ದರು. ಆ ಕ್ಷಣದ ಪ್ರೀತಿ ಇಬ್ಬರ ಜೀವವನ್ನೂ ಉಳಿಸಿತು. ಮತ್ತೆ ನಡೆಯುವುದೇ ಅನುಮಾನ ಎಂದಿದ್ದರು ಜನ. ಅಂಥ ಕಾಲುಗಳಿಗೆ ಪಟ್ಟಿ ಸುತ್ತಿಕೊಂಡು, ಒಂದೇ ದಿನ 36 ಕುಳಿ ಆಡಿ, ದಣಿದ ಮೈಯಲ್ಲಿ ಹೊಡೆದ ಹೊಡೆತ ಅದು. ನನ್ನ ಕಣ್ಣಿಗೆ ಆ ಚಿತ್ರದಲ್ಲಿ ಕಾಣುವುದು ಕೌಶಲಕ್ಕಿಂತ ಹೆಚ್ಚಾಗಿ ಛಲ. ಮರುದಿನ ಪ್ಲೇಆಫ್‌ನಲ್ಲಿ 69 ಹೊಡೆತಗಳಲ್ಲಿ ಆಟ ಮುಗಿಸಿ ಗೆದ್ದರು.

ಆದರೆ ಆ ಕ್ಲಬ್ಬನ್ನು ಯಾರೋ ಕದ್ದೊಯ್ದಿದ್ದರು. ಮೂರು ದಶಕಗಳ ನಂತರ ಹಳೆಯ ಕ್ಲಬ್ಬುಗಳ ಸಂಗ್ರಾಹಕರೊಬ್ಬರ ಕೈಗೆ ಒಂದು ಒಂದನೇ ಐರನ್ ಸಿಕ್ಕಿತು. ಅದರ ಮುಖದ ನಡುವೆ, ಚೆಂಡು ತಾಗುವ ಸರಿಯಾದ ಜಾಗದಲ್ಲಿ ಮಾತ್ರ, ಸಣ್ಣ ನಾಣ್ಯದಷ್ಟು ಸವೆತ. ಅಷ್ಟು ನಿಖರವಾಗಿ ಹೊಡೆಯಬಲ್ಲವರು ಎಷ್ಟು ಮಂದಿ? ಆಟಗಾರ ಲ್ಯಾನಿ ವಾಡ್ಕಿನ್ಸ್ ಮೂಲಕ ಅದು ಹೋಗನ್ ಅವರನ್ನು ತಲುಪಿತು. ತಮ್ಮದೆಂದು ಅವರು ಗುರುತಿಸಿದರು. ಇಂದು ಅದು ಅಮೆರಿಕದ ಗಾಲ್ಫ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.