ಮರಳಿ ಬಂದ ಮಗ



ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕ್ರೈಸ್ತರಲ್ಲಿ ಅನೇಕರು ಆಗಮನ ಕಾಲವೆಂದು ಆಚರಿಸುತ್ತಾರೆ. ಕಥೋಲಿಕರಲ್ಲಿ ಹಲವರು ಆಗ ಗುರುಗಳ ಬಳಿ ಪಾಪನಿವೇದನೆ ಮಾಡಿ ಹಬ್ಬಕ್ಕೆ ಅಣಿಯಾಗುತ್ತಾರೆ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯೊಂದಿದೆ. ಕಿರಿಯ ಮಗನು ತಂದೆಯಿಂದ ಪಾಲು ಪಡೆದು ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡಿದನು. ಬರ ಬಂದಿತು, ಹಂದಿ ಮೇಯಿಸುವ ಆಳಾದನು. ಹಸಿವಿನಲ್ಲಿ ಬುದ್ಧಿ ಬಂದು, ಮಗನೆನಿಸಿಕೊಳ್ಳಲು ತಾನು ಯೋಗ್ಯನಲ್ಲ, ಕೂಲಿಯವನಾಗಿಯಾದರೂ ಇರುವೆನೆಂದು ಹೇಳಲು ಮಾತು ಹೊಂದಿಸಿಕೊಂಡು ಹೊರಟನು. ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಕಂಡು, ಓಡಿಬಂದು ಅಪ್ಪಿಕೊಂಡನು. ಆ ಮಾತು ಮುಗಿಯಗೊಡದೆ ಉಡುಪು, ಉಂಗುರ, ಜೋಡು ತರಿಸಿದನು. ಹೊಲದಿಂದ ಬಂದ ಅಣ್ಣನು ಮುನಿದು ಹೊರಗೇ ನಿಂತನು. ಅವನನ್ನು ಕರೆಯಲೂ ತಂದೆಯೇ ಹೊರಗೆ ಬಂದನು. ಅಣ್ಣ ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲಿಲ್ಲ.

ದುಡಿಯಲು ಊರು ಬಿಟ್ಟ ನಮಗೆ ಈ ಕಥೆ ಹತ್ತಿರದ್ದು. ಹಣ ಕಳಿಸಲಾಗದೆ ಮನೆಯವರೊಡನೆ ಮಾತನ್ನೇ ಬಿಟ್ಟವರು ನಮ್ಮಲ್ಲಿದ್ದೇವೆ. ಅದೇ ನಾಚಿಕೆ ನಮ್ಮನ್ನು ದೇವರಿಂದಲೂ ದೂರವಿಟ್ಟಿದೆ. ಕಥೆಯ ತಂದೆ ಲೆಕ್ಕ ಕೇಳಲಿಲ್ಲ. ದಿನವೆಲ್ಲ ಲೆಕ್ಕ ಬರೆಯುವ ನಮಗೆ ಇದನ್ನು ನಂಬುವುದು ಕಷ್ಟ. ಆದರೂ ಈ ಹಬ್ಬಕ್ಕೆ ಮನೆಯ ಕಡೆ ಒಂದು ಹೆಜ್ಜೆ ಇಡೋಣ. ನಮಗೆ ತಪ್ಪು ಮಾಡಿದವನು ಮರಳಿ ಬಂದರೆ, ಅಣ್ಣನಂತೆ ಹೊರಗೆ ನಿಲ್ಲದಿರೋಣ.