ಕಾಂಡವೂ ಗುಪ್ತಕಾಂಡವೂ



ನೆಲದ ಮೇಲಿರುವುದೆಲ್ಲ ಕಾಂಡ, ನೆಲದೊಳಗಿರುವುದೆಲ್ಲ ಬೇರು ಎಂಬುದು ಅನೇಕರ ಭಾವನೆ. ಈ ತಪ್ಪು ಭಾವನೆಯಿಂದ ಬೇಸಾಯಕ್ಕೆ ಉಂಟಾಗುವ ನಷ್ಟವು ಅಲ್ಪವಲ್ಲ.

ಕಬ್ಬಿನ ಜಲ್ಲೆಯನ್ನು ನೋಡಿರಿ. ಅದರಲ್ಲಿ ಗೆಣ್ಣುಗಳುಂಟು; ಒಂದೊಂದು ಗೆಣ್ಣಿನಲ್ಲಿಯೂ ಒಂದೊಂದು ಕಣ್ಣುಂಟು. ಕಾಂಡದ ಗುರುತು ಇದೇ. ಬೇರಿಗೆ ಗೆಣ್ಣಾಗಲಿ ಎಲೆಯಾಗಲಿ ಇರುವುದಿಲ್ಲ. ಶುಂಠಿಯನ್ನೋ ಅರಿಸಿನದ ಕೊಂಬನ್ನೋ ಕೈಗೆತ್ತಿಕೊಂಡರೆ, ಅದರ ಸುತ್ತಲೂ ಬಳೆಗಳಂತಹ ಗೆರೆಗಳೂ, ಒಣಪೊರೆಯಂತಹ ಎಲೆಗಳೂ, ಮೊಳೆಯುವ ಕಣ್ಣುಗಳೂ ಕಾಣುವುವು. ಆದುದರಿಂದ ಅದು ಬೇರಲ್ಲ. ನೆಲದೊಳಗೆ ಅಡ್ಡಲಾಗಿ ಬೆಳೆಯುವ ಕಾಂಡ. ಇದಕ್ಕೆ ಗುಪ್ತಕಾಂಡವೆಂದು ಹೆಸರು. ಸಿಹಿಗೆಣಸಾದರೋ ಆಹಾರ ತುಂಬಿ ದಪ್ಪನಾದ ಬೇರು; ಅದರಲ್ಲಿ ಗೆಣ್ಣಿಲ್ಲ.

ಈ ಭೇದವನ್ನರಿತವನು ಬಿತ್ತನೆಯಲ್ಲಿ ಮೋಸಹೋಗುವುದಿಲ್ಲ. ಶುಂಠಿಯ ಬಿತ್ತನೆಗೆ 20ರಿಂದ 25 ಗ್ರಾಂ ತೂಕವುಳ್ಳ, ಒಂದಾದರೂ ಒಳ್ಳೆಯ ಕಣ್ಣಿರುವ ತುಂಡನ್ನು ಆರಿಸತಕ್ಕದ್ದು. ಕಣ್ಣು ಕೆಟ್ಟ ತುಂಡು ಎಷ್ಟು ದಪ್ಪನಾಗಿದ್ದರೂ ಫಲವಿಲ್ಲ. ಕೊಳೆರೋಗ ತಗಲಿದ ಮಡಿಯಿಂದ ಬಿತ್ತನೆ ತೆಗೆಯಕೂಡದು. ರೋಗವು ಗಡ್ಡೆಯೊಡನೆಯೇ ಹೊಸ ಹೊಲಕ್ಕೆ ಬರುವುದು.

ಬೆಳೆಗೆ ಉಪಕಾರಿಯಾದ ಈ ಗುಣವೇ ಕಳೆಯಲ್ಲಿ ಕಂಟಕವಾಗುವುದು. ಗರಿಕೆಯೂ ಕೊನ್ನಾರಿಯೂ ನೆಲದೊಳಗೆ ಇಂತಹ ಕಾಂಡಗಳನ್ನು ಹರಡುತ್ತವೆ. ಕೊನ್ನಾರಿಯ ಗಡ್ಡೆಗಳು ಸರಪಣಿಯಂತೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಮೇಲಿನ ಹುಲ್ಲನ್ನು ಕೊಯ್ದರೆ, ಒಳಗೆ ಕೂಡಿಟ್ಟ ಆಹಾರದ ಬಲದಿಂದ ಅದು ಪುನಃ ಚಿಗುರುವುದು. ನೆಲ ಹಸಿಯಾಗಿರುವಾಗ ಒಂದಾವರ್ತಿ ಉತ್ತು ಸುಮ್ಮನಾದರೆ, ಕಾಂಡವು ತುಂಡುತುಂಡಾಗಿ, ಕಣ್ಣುಳ್ಳ ಪ್ರತಿಯೊಂದು ತುಂಡೂ ಬೇರೆ ಗಿಡವಾಗಬಲ್ಲದು. ಮೂಲೆಯಲ್ಲಿದ್ದ ಕಳೆಯನ್ನು ನೇಗಿಲೇ ಹೊಲವೆಲ್ಲಾ ನೆಟ್ಟಂತಾಗುವುದು.

ಆದಕಾರಣ ಬೇಸಿಗೆಯಲ್ಲಿ ಆಳವಾಗಿ ಉತ್ತು, ಗಡ್ಡೆ ಕಾಂಡಗಳನ್ನು ಮೇಲಕ್ಕೆ ತಂದು ಬಿಸಿಲಿಗೆ ಒಡ್ಡಬೇಕು. ಅನಂತರ ಆಯ್ದು, ಪೂರ್ಣವಾಗಿ ಒಣಗಿಸಿ ಸುಡಬೇಕು. ಹಸಿಯಾಗಿ ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಮರಳಿ ಹೊಲ ಸೇರುವ ಭಯವುಂಟು. ಮಳೆ ಬಂದ ಮೇಲೆ ಕಾಣುವ ಚಿಗುರನ್ನು ಮೇಲಿಂದ ಮೇಲೆ ತೆಗೆಯುತ್ತಿದ್ದರೆ, ಒಳಗಿನ ಆಹಾರವು ವ್ಯಯವಾಗಿ ಕಳೆಯು ಕ್ಷೀಣಿಸುವುದು.

ಬದುವಿನ ಮಣ್ಣನ್ನು ಹಿಡಿದಿಡುವ ಗರಿಕೆಯು ಅಲ್ಲಿರುವವರೆಗೆ ಮಿತ್ರ. ಬದುವನ್ನು ದಾಟಿದೊಡನೆ ಶತ್ರು. ಒಬ್ಬನು ತನ್ನ ಹೊಲವನ್ನು ಶುದ್ಧಮಾಡಿ ನೆರೆಯವನು ಉದಾಸೀನನಾಗಿದ್ದರೆ, ಮೊದಲನೆಯವನ ಶ್ರಮವು ಬಹುಕಾಲ ನಿಲ್ಲದು. ಗ್ರಾಮದ ಮುಖಂಡರು ಈ ಮಾತನ್ನು ಊರಿನವರಿಗೆ ತಿಳಿಯಹೇಳಿ, ಒಂದೇ ಬೇಸಿಗೆಯಲ್ಲಿ ಎಲ್ಲರೂ ಕೂಡಿ ಈ ಕೆಲಸವನ್ನು ಮಾಡುವಂತೆ ಏರ್ಪಡಿಸುವುದು ಶ್ರೇಯಸ್ಕರ.